ನಾನು ತುಂಬಿಸಿದ ಮೌನ

ಅಮ್ಮ,

ಪರದೇಶದ ಮೇಷ್ಟ್ರುಗಳಿಗೆ ಪಾಠ ಮಾಡುವುದನ್ನು ಹೇಳಿಕೊಡುವುದರಲ್ಲೇ ನಿನ್ನ ಮಗಳ ಅರ್ಧ ಆಯುಷ್ಯ ಹೋಯಿತು. ದೇಶ ಬೇರೆ, ವೇಷ ಬೇರೆ, ಚಾಕ್‌ಪೀಸು ಮಾತ್ರ ಒಂದೇ. ಇವತ್ತು ಹೊಸ ದೇಶದಲ್ಲಿ ಮೊದಲ ತರಗತಿ. ಮಕ್ಕಳು ಶಾಲೆ ಬಿಡುವುದು ಯಾಕೆ ಎಂದು ಕೇಳಿದೆ. ಇಡೀ ಕೋಣೆ ಗಪ್‌ಚುಪ್. ಅರ್ಥವಾಗಲಿಲ್ಲವೇನೋ ಎಂದು ಪ್ರಶ್ನೆಯನ್ನು ಸರಳ ಮಾಡಿದೆ, ಇನ್ನೂ ಸರಳ ಮಾಡಿದೆ, ಕೊನೆಗೆ ಉತ್ತರವನ್ನೂ ನಾನೇ ಹೇಳಿದೆ.

ಪಕ್ಕದಲ್ಲಿದ್ದ ದುಭಾಷಿ ಹುಡುಗಿ ನಕ್ಕಳು. "ಮೇಡಂ, ಸ್ವಲ್ಪ ಉಸಿರಾಡಿ. ದೊಡ್ಡ ಪ್ರಶ್ನೆಗೆ ತಟ್ಟಂತ ಉತ್ತರ ಕೊಟ್ರೆ ಇಲ್ಲಿ ಕೇಳಿದವರಿಗೆ ಅವಮಾನ. ಅವರು ಯೋಚನೆ ಮಾಡ್ತಾ ಇದ್ರು. ನೀವು ಬಿಡಬೇಕಲ್ಲ?"

ಮುಂದಿನ ಪ್ರಶ್ನೆ ಕೇಳಿ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಬಹಳ ಹೊತ್ತಾದ ಮೇಲೆ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ಮಾತಾಡಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಗಂಟೆ ಹೊಡೆದರೂ ನಿಲ್ಲಿಸಲಿಲ್ಲ.

ಮಾತಿನಲ್ಲಿ ನೀನು ಜಿಪುಣಿ, ಪ್ರಾಸದಲ್ಲಿ ನಾನು ನಿಪುಣೆ ಎಂದು ನಿನ್ನನ್ನು ರೇಗಿಸುತ್ತಿದ್ದೆ, ನೆನಪಿದೆಯಾ? ನೀನು ತೀರಿಕೊಳ್ಳುವುದಕ್ಕೆ ಒಂದು ತಿಂಗಳು ಮುಂಚೆ ಫೋನಿನಲ್ಲಿ, "ನನ್ನ ಜೊತೆ ಬಂದು ಇರ್ತೀಯಾಮ್ಮ?" ಎಂದು ಕೇಳಿದ್ದೆ. ನೀನು ಸುಮ್ಮನಾದೆ. "ಸರಿ ಬಿಡು, ನಿನಗೆ ಅಲ್ಲೇ ಹಾಯಿ" ಎಂದು ನಾನೇ ಹೇಳಿ ಫೋನಿಟ್ಟೆ.

ಇಲ್ಲಿ ನನಗೆ ಎರಡು ಮಂಚದ ಕೋಣೆ ಕೊಟ್ಟಿದ್ದಾರೆ. ಇನ್ನೊಂದು ಮಂಚದ ಮೇಲೆ ಹರಡಿದ್ದ ಪುಸ್ತಕಗಳನ್ನೆಲ್ಲ ಈಗ ಎತ್ತಿಟ್ಟು, ಎದುರಿಗೆ ಸುಮ್ಮನೆ ಕೂತಿದ್ದೇನೆ. ನನಗೇನೂ ಆತುರವಿಲ್ಲ.