ಜಂದೀರಾಳ ಹೆಸರು

ಆಗಸ್ಟ್ ೧೨, ಸಾಲ್ವಡೋರ್

ನಾಳೆ ನಮ್ಮ ಪತ್ರಿಕೆಯ ಮೊದಲ ಸಂಚಿಕೆ. ಚಿಕಿತ್ಸೆ ಎಲ್ಲರಿಗೂ ಸಮನಾಗಿ ಸಿಗಲೆಂದು ವೈದ್ಯರು, ಸಮಾಜಶಾಸ್ತ್ರದವರು, ಕೇರಿಯ ಪರವಾಗಿ ನಾನು ಸೇರಿ ಕಟ್ಟಿದ್ದು. ಅದರಲ್ಲಿ ನನ್ನ ತಂಗಿಯ ಮಗಳು ಜಂದೀರಾ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಹೆತ್ತ ಕಥೆಯಿದೆ. ಅವಳೀಗ ಅದೇ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಾಳೆ. ಅವಳ ಹೆಸರು ಬೇಡವೆಂದರು ನಮ್ಮ ತಂಡದ ಸಮಾಜಶಾಸ್ತ್ರದ ಪ್ರೊಫೆಸರ್ ಒಟೀಲಿಯಾ. ನಾನೂ ತಲೆಯಾಡಿಸಿದೆ.

ಜಂದೀರಾ ಕೆರಳಿದಳು. “ಅವತ್ತು ನರ್ಸು ‘ಏ ಬೆಂಚಿನವಳೇ’ ಅಂದ್ಲು. ಈಗ ನೀವು ‘ಒಬ್ಬ ಮಹಿಳೆ’ ಅಂತೀರಾ. ನಂಗೆ ಹೆಸರಿಲ್ವಾ ದೊಡ್ಡಮ್ಮ?”

“ಕೆಲಸ ಹೋದ್ರೆ ಏನೇ ಮಾಡ್ತೀಯ?”

“ನಿನ್ನ ತಲೆ ತಿಂತಾ ಕೂತ್ಕೋತೀನಿ, ಬಿಡು.”

ಹೆಸರು ಹಾಕಿಸಿಬಿಟ್ಟೆ. ಅಚ್ಚಾಗಿದೆ, ಇನ್ನು ಅಳಿಸಲಾಗದು. ಪಕ್ಕದ ಕೋಣೆಯಲ್ಲಿ ಅವಳು ನಾಳೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತ ಗುನುಗುತ್ತಿದ್ದಾಳೆ. ಆ ಹಾಡು ಕೇಳಿದಷ್ಟೂ ನನಗೆ, ನಾಳೆ ಅವಳ ಕೆಲಸ ಹೋದರೆ ಎಂಬ ಭಯ ಹೆಚ್ಚುತ್ತಿದೆ.