ಅಮ್ಮ ಎರವಲು ತಂದ ಮಾತುಗಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ, ಅದರ ಬೆನ್ನಿಗೇ ಒಂದಿಷ್ಟು ಮುನಿಸು. ಅಮ್ಮನಿಗೆ ಪಾರ್ಶ್ವವಾಯು ಬಡಿದಾಗ ನೀನು ಫೋನಿನಲ್ಲಿ ಔಷಧಿ, ಡಾಕ್ಟರು, ಊಟ ಎಲ್ಲ ವಿಚಾರಿಸಿದೆ. ಫೋನನ್ನು ಅಮ್ಮನಿಗೆ ಕೊಡು ಎಂದು ಮಾತ್ರ ಹೇಳಲಿಲ್ಲ. ಕೊಟ್ಟಿದ್ದರೂ ಅವಳು ಮಾತಾಡುತ್ತಿರಲಿಲ್ಲ ಬಿಡು. ಅದನ್ನೇ ಬರೆಯಲು ಕೂತಿದ್ದೇನೆ.

ಬಲಗೈ ಈಗ ಪರವಾಗಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾಳೆ. ಮಾತು ಕೈಕೊಟ್ಟಿದೆ. ನಾವು ಹೇಳುವುದೆಲ್ಲ ತಿಳಿಯುತ್ತದೆ, ಆದರೆ ತಾನು ಹೇಳಹೊರಟರೆ ಪದಗಳು ಸಾಲುಗೂಡುವುದಿಲ್ಲ. ನೀರು ಎನ್ನಲು ಬಾಯಿ ತೆರೆದು, ಸಿಕ್ಕದೆ, ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಇಡೀ ಶಾಲೆಯನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುತ್ತಿದ್ದ ಮುಖ್ಯೋಪಾಧ್ಯಾಯಿನಿಗೆ ಇದು ಎಂಥ ಸಂಕಟ, ಯೋಚಿಸು.

ಒಂದು ಬೆಳಿಗ್ಗೆ ನಾನು ಹಾಸಿಗೆ ಮೇಲೆ ಟೀ ಚೆಲ್ಲಿದೆ. ಅಮ್ಮ ಸ್ಪಷ್ಟವಾಗಿ, ಒಂದಕ್ಷರ ತಡವರಿಸದೆ ಹೇಳಿದಳು: "ಅಕ್ಷರ ದುಂಡಗಿರಲಿ, ಮಾತು ನೇರವಾಗಿರಲಿ." ನಾನು ಕೈಯಲ್ಲಿದ್ದ ಲೋಟವನ್ನೂ ಬೀಳಿಸಿದೆ. ದಿನಾ ಶಾಲೆಯ ಹಲಗೆಯ ಮೇಲೆ ಬರೆದು ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದಳಲ್ಲ, ಅದೇ ಸೂಕ್ತಿ. ಸ್ವಂತ ವಾಕ್ಯ ಕಟ್ಟಲಾಗದವರಿಗೂ ಬಾಯಿಪಾಠವಾದದ್ದು ಕೆಲವೊಮ್ಮೆ ಹಾಗೇ ಉಳಿದಿರುತ್ತದೆ ಎಂದು ಮಾತು ಕಲಿಸಲು ಬರುವ ಚಿಕಿತ್ಸಕಿ ಹೇಳಿದರು.

ಅಲ್ಲಿಂದ ನಮ್ಮ ಮನೆ ಮತ್ತೆ ಶಾಲೆಯಾಯಿತು. ಹಸಿವಾದರೆ ಪರಿಶ್ರಮದ ಮೇಲೊಂದು ಸೂಕ್ತಿ, ಕಾಲು ಸೆಳೆದರೆ ನಾಡಸೇವೆಯ ಮೇಲೊಂದು. ಹಾಲಿನವನಿಗೆ "ಸಮಯಪಾಲನೆಯೇ ಸಜ್ಜನರ ಲಕ್ಷಣ" ಎಂದಳು. ಪಾಪ, ಅವನು ಈಗ ಬೆಳಕು ಹರಿಯುವ ಮುಂಚೆಯೇ ಬಾಗಿಲು ಬಡಿಯುತ್ತಾನೆ.

ನಗು ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಅಮ್ಮ ನನ್ನ ಮಣಿಕಟ್ಟು ಹಿಡಿದು ಏನೋ ಹೇಳಹೊರಟಳು. ಬೀಗಕ್ಕೆ ಗೊಂಚಲಿನ ಕೀಲಿಗಳನ್ನೆಲ್ಲ ಹಾಕಿ ನೋಡುವ ಹಾಗೆ, ಗೊತ್ತಿದ್ದ ಸೂಕ್ತಿಗಳನ್ನೆಲ್ಲ ಒಂದೊಂದಾಗಿ ಆಡಿ ನೋಡಿದಳು. ಯಾವುದೂ ಹೊಂದಲಿಲ್ಲ. ಹಲಗೆಯ ಮೇಲಿನ ಮಾತಿನಲ್ಲಿ 'ನೋಯುತ್ತಿದೆ' ಅನ್ನುವುದು ಇಲ್ಲ, 'ನನ್ನ ಹತ್ತಿರ ಕೂತಿರು' ಅನ್ನುವುದೂ ಇಲ್ಲ. ಅಮ್ಮ ಅತ್ತಳು, ಅಕ್ಕ. ಅವಳು ಅತ್ತದ್ದನ್ನು ನಾನು ನೋಡಿದ್ದೇ ಇಲ್ಲ.

ಹಾಗಿದ್ದರೆ ಬೇರೆ ಮಾತು ತಂದುಕೊಟ್ಟರಾಯಿತು ಅನ್ನಿಸಿತು. ಪುಸ್ತಕಕ್ಕೂ ನನಗೂ ಎಣ್ಣೆ ಸೀಗೆಕಾಯಿ ಎಂದು ನಿನಗೆ ಗೊತ್ತು. ಹೊಲಿಗೆ ಅಂಗಡಿಯಲ್ಲಿ ನಾನು ಓದುತ್ತಿದ್ದದ್ದು ಅಳತೆ ಟೇಪು ಒಂದನ್ನೇ. ಮಾರನೆಯ ದಿನ ಅಂಗಡಿ ಬಾಗಿಲು ಹಾಕಿ ಬೀದಿಯ ಕೊನೆಯ ಗ್ರಂಥಾಲಯಕ್ಕೆ ಹೋದೆ. ಎಂಥ ಪುಸ್ತಕ ಬೇಕೆಂದು ಗ್ರಂಥಪಾಲಕಿ ಕೇಳಿದರು.

"ಒಳಗಡೆ ಜನ ಮಾತಾಡ್ತಾ ಇರಬೇಕು, ಮೇಡಂ. ಬುದ್ಧಿ ಮಾತ್ರ ಹೇಳಬಾರದು" ಎಂದೆ.

ಆಕೆ ನಗಲಿಲ್ಲ. ಕಪಾಟುಗಳ ನಡುವೆ ಓಡಾಡಿ, ದೋಣಿ ನಡೆಸುವ ಗಂಡಹೆಂಡಿರ ಕಾದಂಬರಿಯೊಂದನ್ನು ಹುಡುಕಿ ತಂದರು. ಮಧ್ಯಾಹ್ನದ ಹೊತ್ತು ಹಾಸಿಗೆಯ ಬದಿಗೆ ಕೂತು ಓದಿದೆ. ನಾನು ಒತ್ತಕ್ಷರಗಳ ಮೇಲೆ ಎಡವಿದಾಗಲೆಲ್ಲ ಅಮ್ಮ ಹಲ್ಲು ಕಚ್ಚಿ ಸಹಿಸಿಕೊಂಡಳು. ಒಂದು ಕಡೆ ಹೆಂಡತಿ ಹೇಳುತ್ತಾಳೆ: "ಕಿಟಕಿ ತೆಗಿ, ಹೊರಗೆ ಯಾರೂ ಇಲ್ಲದಿದ್ರೂ ಗಾಳಿ ಇದೆ." ಅಮ್ಮ ಪುಟದ ಮೇಲೆ ಬೆರಳಿಂದ ಕುಟ್ಟಿದಳು. ಮತ್ತೆ ಓದಿದೆ. ಮತ್ತೆ ಕುಟ್ಟಿದಳು. ಅವಳ ತುಟಿ ನನ್ನ ಜೊತೆ ಆಡತೊಡಗುವವರೆಗೂ ಓದಿದೆ.

ಬೆಳಿಗ್ಗೆ ಎದ್ದು ಹೋದರೆ, ಮುಚ್ಚಿದ ಕಿಟಕಿಯನ್ನೇ ನೋಡುತ್ತಾ ಅಮ್ಮ ಆ ಮಾತನ್ನು ಇಡಿಯಾಗಿ ಹೇಳಿದಳು. ನಾನು ಕಿಟಕಿ ತೆಗೆದೆ. ಅಷ್ಟೇ. ಕೇಳಿದ್ದು ಸಿಕ್ಕಿದಾಗ ಅವಳ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಪುಸ್ತಕದ ಮೇಲೆ ಪುಸ್ತಕ. ಮುದುಕ ಸ್ಟೇಷನ್ ಮಾಸ್ತರನ ಕಥೆಯೊಂದರಿಂದ "ಇನ್ನೂ ಸ್ವಲ್ಪ ಹೊತ್ತು ಕೂತ್ಕೋ, ರೈಲು ಹೇಗೂ ತಡ" ಎಂಬುದು ಸಿಕ್ಕಿತು. ನಾನು ಏಳಹೊರಟರೆ ಈಗ ಅದನ್ನೇ ಹೇಳುತ್ತಾಳೆ, ನಾನು ಕೂರುತ್ತೇನೆ. ನನಗೂ ಹುಚ್ಚು ಹಿಡಿದಿದೆ. ರವಿಕೆಗೆ ತೋಳು ಕೂಡಿಸುವಾಗ ಆ ಮಾಸ್ತರನ ಮಗಳು ಏನಾದಳೋ ಎಂದು ಯೋಚಿಸುತ್ತಾ ಎಡದ ತೋಳನ್ನು ಬಲಕ್ಕೆ ಹೊಲಿದೆ. ಅಮ್ಮನಿಗೆ ಗೊತ್ತಾಗದಂತೆ ಮುಂದಿನ ಅಧ್ಯಾಯ ಓದಿಕೊಂಡರೆ ಮುಖ ನೋಡಿಯೇ ಹಿಡಿದುಬಿಡುತ್ತಾಳೆ.

ಈಗ ನಿನ್ನ ವಿಷಯ. ಮೊನ್ನೆ ಇಬ್ಬರು ಅಣ್ಣತಮ್ಮಂದಿರ ಕಾದಂಬರಿ ಮುಗಿಸಿದೆವು. ಒಬ್ಬ ಮನೆ ಬಿಟ್ಟು ಹೋಗಿರುತ್ತಾನೆ. ಅಮ್ಮ ಪುಸ್ತಕದ ಮೇಲೆ ಅಂಗೈ ಇಟ್ಟು, ನಿಧಾನಕ್ಕೆ ಹೇಳಿದಳು: "ನಿನ್ನ ಕುರ್ಚಿ ಯಾರೂ ಕೂತಿಲ್ಲ." ನಾನು ಇಲ್ಲೇ ಇದ್ದೀನಲ್ಲಮ್ಮ ಎಂದೆ. ತಲೆ ಅಲ್ಲಾಡಿಸಿ ಗೋಡೆಯ ಮೇಲಿನ ನಿನ್ನ ಫೋಟೋ ತೋರಿಸಿದಳು. 'ಕುರ್ಚಿಯಲ್ಲಿ' ಆಗಬೇಕಿತ್ತು. ಓದಿದ್ದನ್ನು ಹೇಳುವಾಗ ವಿಭಕ್ತಿ ಜಾರಿಹೋಗಿದೆ ಅಂದುಕೊಂಡೆ.

ನಿನ್ನ ಮದುವೆ ಮುರಿದ ಸುದ್ದಿ ಬರೆದ ಪತ್ರವನ್ನು ಅಮ್ಮ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದಳಲ್ಲ, ಅದನ್ನು ನಾನು ಸರಿ ಅನ್ನುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಮುಖ ನೋಡುತ್ತಿರಲಿಲ್ಲ. ಆದರೆ ಆವತ್ತೂ ಅವಳಿಗೆ ಬೇಕಾದ ಮಾತು ಸಿಕ್ಕಿರಲಿಲ್ಲವೇನೋ ಎಂದು ಈಗ ಅನ್ನಿಸುತ್ತದೆ. ಆಗ ಪಾರ್ಶ್ವವಾಯು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಬರುತ್ತೀಯಾ? ಮನೆಯಲ್ಲಿ ಓದುವವಳು ಅಂತ ಇದ್ದದ್ದು ನೀನೇ. ನಿನಗೆ ಇಷ್ಟವಾದದ್ದೊಂದು ತೆಗೆದುಕೊಂಡು ಬಾ. ನನ್ನ ಓದು ಅವಳಿಗೆ ಶಿಕ್ಷೆ.

ಓದಿ ಓದಿ ಕನ್ನಡಕ ಏರಿಸಿಕೊಂಡ
ನಿನ್ನ ತಂಗಿ

ತಾ.ಕ.: ಆ ಕುರ್ಚಿಯ ಮಾತನ್ನು ಸರಿಯಾಗಿ ಬರೆದು ಕಳಿಸೋಣವೆಂದು ಪುಸ್ತಕವನ್ನೆಲ್ಲ ತಿರುವಿದೆ. ಇಲ್ಲ. ಗ್ರಂಥಪಾಲಕಿಯೂ ಕೂತು ಹುಡುಕಿದರು. ಆ ಕಾದಂಬರಿಯಲ್ಲಿ ಒಂದು ಕುರ್ಚಿಯೂ ಇಲ್ಲವಂತೆ. ಅದು ಅಮ್ಮ ತಾನೇ ಕಟ್ಟಿದ ವಾಕ್ಯ, ಕಾಯಿಲೆ ಬಿದ್ದಮೇಲೆ ಮೊದಲನೆಯದು. ಹಗಲೂ ರಾತ್ರಿ ಪಕ್ಕದಲ್ಲಿರುವವಳು ನಾನು, ವಾಕ್ಯ ಬಂದದ್ದು ನಿನಗೆ. ಹೊಟ್ಟೆಕಿಚ್ಚು ತಡೆಯಲಾಗದೆ ಈ ಪತ್ರವನ್ನು ದಿನಗಟ್ಟಲೆ ಅಂಚೆಗೆ ಹಾಕದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಈಗ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದೇನೆ, ಹಾಕಿಯೇ ಬರುತ್ತೇನೆ.