ಹೋಲಿಕೆಯ ಗುಂಪು

ಶುಕ್ರವಾರ, ಸೆಪ್ಟೆಂಬರ್ ೧೨

ಪ್ರೀತಿಯ ಅತ್ತಿಗೆ,

ನಮಸ್ಕಾರ. ಬೈಯುವುದಿದ್ದರೆ ಮೊದಲು ಬೈದುಬಿಡಿ, ಆಮೇಲೆ ಓದಿ. ನಿಮ್ಮಿಂದ ಎರಡು ಪತ್ರ ಬಂದವು, ನನ್ನಿಂದ ಒಂದೂ ಹೋಗಲಿಲ್ಲ. ಜ್ವರ ಬಂದಿತ್ತು, ಪರೀಕ್ಷೆ ಇತ್ತು ಎಂದೆಲ್ಲ ಬರೆಯಬಹುದಿತ್ತು. ಎರಡೂ ಸುಳ್ಳು, ಮತ್ತು ನನ್ನ ಸುಳ್ಳು ನಿಮ್ಮ ಹತ್ತಿರ ಯಾವತ್ತೂ ನಡೆದಿಲ್ಲ. ಫೋನ್ ಮಾಡೋಣವೆಂದರೆ ನಮ್ಮ ಮನೆ ನಿಮಗೆ ಗೊತ್ತಲ್ಲ, ಗೋಡೆಗಿಂತ ಮೊದಲು ಅಮ್ಮನಿಗೆ ಕಿವಿ. ಅದಕ್ಕೇ ಕಾಲೇಜಿನ ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ, ಹಾಳೆ ಹಾರದ ಹಾಗೆ ಮೊಣಕೈ ಊರಿಕೊಂಡು ಬರೆಯುತ್ತಿದ್ದೇನೆ.

ಹೊಸ ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ನಿಮ್ಮನ್ನು ‘ಸೂಜಿ ಮೇಡಂ’ ಅನ್ನುತ್ತಾರೆಂದು ಓದಿ ಒಬ್ಬಳೇ ನಕ್ಕೆ. ರಕ್ತ ತೆಗೆಸಿಕೊಳ್ಳಲು ಬಂದ ಪೊಲೀಸಪ್ಪ ಕಣ್ಣು ಮುಚ್ಚಿಕೊಂಡು ನಿಮ್ಮ ಕೈ ಹಿಡಿದುಕೊಂಡಿದ್ದನ್ನು ಅಪ್ಪನಿಗೂ ಓದಿ ಹೇಳಿದೆ. ಅವರೂ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

ಎರಡು ಪತ್ರದಲ್ಲೂ ನೀವು ಕೇಳಿದ್ದು ಒಂದೇ ಪ್ರಶ್ನೆ: ‘ಪಟಾಕಿ, ನಿನ್ನ ಸಂಶೋಧನೆ ಯಾವುದರ ಮೇಲೆ?’ ನಾನು ತಡಮಾಡಿದ್ದು ಆ ಪ್ರಶ್ನೆಗೆ ಹೆದರಿ.

ಮನಃಶಾಸ್ತ್ರದ ಆನರ್ಸ್‌ನ ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಸ್ವಂತ ಅಧ್ಯಯನ ಮಾಡಬೇಕು. ವಿಷಯ ಹೇಳುವ ದಿನ ತರಗತಿಯಲ್ಲಿ ಅರ್ಧ ಜನ ಪರೀಕ್ಷೆಯ ಒತ್ತಡ ಅಂದರು, ಉಳಿದರ್ಧ ಮೊಬೈಲ್ ಚಟ ಅಂದರು. ನಮ್ಮ ಗೈಡ್ ಮೇಡಂ ಪೆನ್ನು ಕೆಳಗಿಟ್ಟು, “ಇನ್ನೊಬ್ಬರು ಮೊಬೈಲ್ ಅಂದ್ರೆ ನಾನೇ ರಾಜೀನಾಮೆ ಕೊಟ್ಟು ಹೋಗ್ತೀನಿ” ಅಂದರು. ನನ್ನ ಸರದಿ ಬಂತು. ಹತ್ತಿರದವರನ್ನು ಕಳೆದುಕೊಂಡವರಿಗೆ ಅವರು ಇನ್ನೂ ಮನೆಯಲ್ಲಿ ಓಡಾಡಿದ ಹಾಗೆ ಅನ್ನಿಸುತ್ತದಲ್ಲ, ಹೆಜ್ಜೆ ಕೇಳಿಸುತ್ತದೆ, ವಾಸನೆ ಬರುತ್ತದೆ, ಕರೆದ ಹಾಗಾಗುತ್ತದೆ, ಅದರ ಮೇಲೆ ಮಾಡುತ್ತೇನೆ ಅಂದೆ. ಇದು ಹುಚ್ಚಲ್ಲ, ಕಾಯಿಲೆಯೂ ಅಲ್ಲ, ಬಹಳ ಜನಕ್ಕೆ ಆಗುವಂಥದ್ದು ಎಂದು ಮೇಡಂ ಎಲ್ಲರಿಗೂ ವಿವರಿಸಿದರು. ಆಮೇಲೆ ನನ್ನನ್ನು ಕೋಣೆಗೆ ಕರೆದರು.

“ಯಾಕೆ ಈ ವಿಷಯ?”

“ಆಸಕ್ತಿ ಇದೆ ಮೇಡಂ.”

“ಆಸಕ್ತಿ ಎಲ್ಲರಿಗೂ ಇರತ್ತೆ. ಯಾರು ಹೋದ್ರು?”

ಹೇಳಿದೆ. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ನಮ್ಮಣ್ಣ, ಯಾವುದೋ ಕಟ್ಟಡದ ಮೋಟಾರ್ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ, ಒಂದೂವರೆ ವರ್ಷವಾಯಿತು ಎಂದಷ್ಟೇ. ಮೇಡಂ ಸಾಂತ್ವನ ಗೀಂತ್ವನ ಹೇಳಲಿಲ್ಲ, ಅದಕ್ಕೇ ಅವರು ನನಗಿಷ್ಟ. “ಈ ವಿಷಯದಲ್ಲಿ ನೀನು ಎಲ್ಲಿ ನಿಂತಿದೀಯ ಅಂತ ಒಂದು ಪುಟ ಬರ್ಕೊಂಡು ಬಾ. ಅದು ನೇರವಾಗಿದ್ರೆ ಮುಂದಕ್ಕೆ ಕಳಿಸ್ತೀನಿ. ಇಲ್ಲಾಂದ್ರೆ ವಿಷಯ ಬದಲಾಯಿಸು, ನನ್ನ ಮೇಲೆ ಕೋಪ ಮಾಡ್ಕೋಬೇಡ” ಅಂದರು. ನಾನು ಬರೆದುಕೊಂಡು ಹೋದದ್ದನ್ನೆಲ್ಲ ವಾಪಸ್ ಕೊಟ್ಟಿದ್ದಾರೆ. “ವಿಷಯದ ಬಗ್ಗೆ ಚೆನ್ನಾಗಿದೆ. ನೀನೆಲ್ಲಿ ಇದರಲ್ಲಿ?” ಬರುವ ಸೋಮವಾರವೇ ಕೊನೆ. ಆಮೇಲೆ ನಾನೂ ಮೊಬೈಲ್ ಚಟದವರ ಸಾಲಿಗೆ ಸೇರುತ್ತೇನೆ.

ಪ್ರಶ್ನಾವಳಿಯ ಕಥೆ ಕೇಳಿ. ನನ್ನ ಮೊದಲ ಪ್ರಶ್ನೆ ಹೀಗಿತ್ತು: ‘ಅವರು ಸಾಮಾನ್ಯವಾಗಿ ಯಾವ ಹೊತ್ತಿಗೆ ಬರುತ್ತಾರೆ?’ ಮೇಡಂ ಕೆಂಪು ಪೆನ್ನಿನಲ್ಲಿ ಗೀಟೆಳೆದು, “ಬರ್ತಾರೆ ಅಂತ ನಿನಗೆ ಯಾರು ಹೇಳಿದ್ರು? ಉತ್ತರ ನೀನೇ ಅವರ ಬಾಯಿಗೆ ತುರುಕ್ತಿದೀಯಲ್ಲ” ಅಂದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೊದಲ ವರ್ಷದವರೂ ಮಾಡದ ತಪ್ಪು. ಮನೆಯವರನ್ನು ಅಧ್ಯಯನಕ್ಕೆ ಸೇರಿಸುವ ಹಾಗಿಲ್ಲ, ಆದರೆ ಪ್ರಶ್ನೆ ನಾಲಿಗೆಗೆ ಒಗ್ಗುತ್ತದೋ ಇಲ್ಲವೋ ಎಂದು ಯಾರ ಮುಂದಾದರೂ ಓದಿ ನೋಡು ಅಂದರು. ಮನೆಗೆ ಬಂದು ತಿದ್ದುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಅಮ್ಮ ಬಟ್ಟೆ ಅಂಗಡಿಯವರು ಕೊಟ್ಟ ಪರದೆ ಹೊಲಿಯುತ್ತಿದ್ದಳು. ಮಿಷನ್ ನಿಲ್ಲಿಸದೆ ಹೇಳಿದಳು:

“ಸಂಜೆ. ನಿಮ್ಮಪ್ಪ ಅಂಗಡಿಯಿಂದ ಬರೋಕೆ ಸ್ವಲ್ಪ ಮುಂಚೆ.”

ಅವಳೇ ಮುಂದುವರಿಸಿದಳು. ಅಣ್ಣ ನಮ್ಮ ಕಟ್ಟಡದ ಲಿಫ್ಟ್ ಹತ್ತುತ್ತಿರಲಿಲ್ಲವಲ್ಲ, ದಿನವಿಡೀ ಅದರ ಕರುಳು ನೋಡಿರ್ತೀನಿ, ಮನೆಗೆ ಬರುವಾಗಲೂ ಬೇಕಾ ಎಂದು ನಾಲ್ಕು ಮಹಡಿ ನಡೆದೇ ಬರುತ್ತಿದ್ದ. ಈಗಲೂ ನಡೆದೇ ಬರುತ್ತಾನಂತೆ. ಮೂರನೇ ಮಹಡಿಯ ತಿರುವಿನಲ್ಲಿ ನಿಲ್ಲುತ್ತಾನಂತೆ. (ಸಿಗರೇಟು ಮುಗಿಸಿ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಳ್ಳಲು ಅವನು ಅಲ್ಲಿ ನಿಲ್ಲುತ್ತಿದ್ದುದು, ನೀವು ಗೊತ್ತಿಲ್ಲದವರ ಹಾಗೆ ಇರುತ್ತಿದ್ದುದು, ನನಗೂ ಗೊತ್ತಿತ್ತು.) ಆಮೇಲೆ ಬೀಗದ ಕೈ ಗೊಂಚಲಿನ ಸದ್ದು. ಆಮೇಲೆ ಬಾಗಿಲ ಹತ್ತಿರ ಚಪ್ಪಲಿ ಉಜ್ಜುವ ಸದ್ದು.

“ಬಾಗಿಲು ತೆಗೆದ್ರೆ?” ಅಂದೆ.

“ತೆಗೆದ್ರೆ ಇರಲ್ಲ. ಅದಕ್ಕೆ ಈಚೆಗೆ ತೆಗೆಯೋದು ಬಿಟ್ಟಿದೀನಿ.”

ಅಷ್ಟು ಹೇಳಿ ದಾರ ಕಚ್ಚಿ ತುಂಡು ಮಾಡಿದಳು. ಅಮ್ಮನ ಮುಖದಲ್ಲಿ ನೆಮ್ಮದಿ ಕಂಡಿತು, ಹೊರಗೆ ಆಡಲು ಹೋದ ಮಗನ ಬಗ್ಗೆ ಹೇಳುವವಳ ಹಾಗೆ.

ಅಪ್ಪನ ವಿಷಯ ಇನ್ನೂ ವಿಚಿತ್ರ. ಅಮ್ಮನ ಮುಂದೆ ಅವರದು ಒಂದೇ ಮಾತು: “ಕಿವಿಗೂ ವಯಸ್ಸಾಗತ್ತೆ. ಮಾತ್ರೆ ತಂದುಕೊಡ್ತೀನಿ.” ಔಷಧಿ ಅಂಗಡಿಯಲ್ಲಿ ಜನ್ಮ ಕಳೆದವರಿಗೆ ಎಲ್ಲಕ್ಕೂ ಒಂದು ಮಾತ್ರೆ ಇದ್ದೇ ಇದೆ. ಮೊನ್ನೆ ಊಟದ ಡಬ್ಬಿ ಕೊಡಲು ಹೋದಾಗ ಕೌಂಟರಿನ ಹಿಂದೆ ಕರೆದು ಕೂರಿಸಿದರು. ಅಂಗಡಿ ತುಂಬಿದ್ದಾಗ ಗಿರಾಕಿಗಳ ಹಿಂದಿನಿಂದ ಅಣ್ಣ ಕೆಮ್ಮಿದ ಹಾಗೆ ಕೇಳಿಸುತ್ತದಂತೆ. ಅದೇ ಗಂಟಲು ಸರಿಮಾಡಿಕೊಳ್ಳುವ ಕೆಮ್ಮು. ಅಪ್ಪ ನೋಡದೆಯೇ ಗಂಟಲಿನ ಮಾತ್ರೆಯ ಡಬ್ಬಿಗೆ ಕೈ ಹಾಕುತ್ತಾರಂತೆ. “ಕೈ ಚಾಚಿದ ಮೇಲೆ ನೆನಪಾಗತ್ತೆ ಪುಟ್ಟಿ. ನಿಮ್ಮಮ್ಮಂಗೆ ಹೇಳ್ಬೇಡ, ಹೆದರ್ಕೋತಾಳೆ.” ಒಂದೇ ಮನೆಯ ಇಬ್ಬರ ಹತ್ತಿರವೂ ಬಂದು ಹೋಗುತ್ತಾನೆ, ಅಪ್ಪ ಮಾತ್ರ ಅಮ್ಮನ ಮುಂದೆ ಬಾಯಿ ಬಿಡುವುದಿಲ್ಲ.

ಲೈಬ್ರರಿ ಮುಚ್ಚುತ್ತಿದ್ದಾರೆ. ನಾಳೆ ಬರೆಯುತ್ತೇನೆ.

ಶನಿವಾರ

ನಿನ್ನೆ ಬರೆದದ್ದನ್ನು ಓದಿ ಹರಿದುಹಾಕೋಣ ಅನ್ನಿಸಿತು. ನೀವು ಮನೆ ಬಿಟ್ಟ ದಿನದ ಮಾತನ್ನು ನಾವು ಯಾರೂ ಮತ್ತೆ ಎತ್ತಿಲ್ಲ, ಇವಳು ಈಗ ಕೆದಕುತ್ತಿದ್ದಾಳಲ್ಲ ಅಂದುಕೊಳ್ಳುತ್ತೀರೇನೋ. ಆದರೂ ಕೆದಕುತ್ತೇನೆ. ನೀವು, “ನನಗೆ ಏನೂ ಕೇಳಿಸಲ್ಲ ಅತ್ತೆ, ಒಂದು ದಿನಾನೂ ಕೇಳಿಸಿಲ್ಲ” ಎಂದಿರಿ. ಅಮ್ಮ, “ಕಟ್ಟಿಕೊಂಡವಳಿಗೇ ಕೇಳಿಸಲ್ಲ ಅಂದ್ರೆ ಅವನು ಯಾರಿಗೆ ಅಂತ ಬರಬೇಕು?” ಎಂದಳು. ನೀವು ಸೂಟ್‌ಕೇಸ್ ಹಿಡಿದು ಲಿಫ್ಟಿನಲ್ಲಿ ಇಳಿದುಹೋದಿರಿ. ಆ ಮಾತು ನಮ್ಮ ಮನೆಯ ಹೊಸಿಲ ಮೇಲೆ ಇನ್ನೂ ಹಾಗೇ ಕೂತಿದೆ ಅತ್ತಿಗೆ. ದಾಟಿಕೊಂಡು ಓಡಾಡುತ್ತೇವೆ.

ಕಳೆದ ವಾರ ನಾನೊಂದು ಕೆಲಸ ಮಾಡಿದೆ. ಮೇಡಂಗೆ ಹೇಳಿಲ್ಲ, ಹೇಳಿದರೆ ಇದ್ಯಾವ ಸೀಮೆಯ ವಿಧಾನ ಅನ್ನುತ್ತಾರೆ. ಅಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಮೂರನೇ ಮಹಡಿಯ ತಿರುವಿಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಕೇಳಿದರೆ ಓದುತ್ತಿದ್ದೇನೆ ಅನ್ನಲು ತೊಡೆಯ ಮೇಲೆ ಪುಸ್ತಕ. ಯಾರದೋ ಮನೆಯ ಟೀವಿ, ಯಾರದೋ ಕುಕ್ಕರ್, ಒಂದು ಮಗು ಅಳುವುದು. ಗೋಡೆಯಲ್ಲಿ ಅಣ್ಣ ಸಿಗರೇಟು ಒತ್ತಿ ಆರಿಸುತ್ತಿದ್ದ ಕಪ್ಪು ಚುಕ್ಕೆಗಳು ಇನ್ನೂ ಇವೆ, ಸುಣ್ಣ ಬಳಿದರೂ ಮುಚ್ಚಿಲ್ಲ. ಸ್ವಲ್ಪ ಹೊತ್ತಿಗೆ ಲಿಫ್ಟ್ ಮೇಲೆ ಬಂದು ನನ್ನೆದುರೇ ನಿಂತಿತು. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ದೀಪ ಮಿಣಮಿಣ ಅನ್ನುತ್ತಿತ್ತು, ಕನ್ನಡಿಯಲ್ಲಿ ನಾನೊಬ್ಬಳೇ ಕಾಣುತ್ತಿದ್ದೆ. ಯಾರೋ ಗುಂಡಿ ಒತ್ತಿ ಕಾಯಲಾರದೆ ನಡೆದುಹೋಗಿದ್ದಾರೆ, ಅಷ್ಟೇ, ಇದನ್ನು ನನಗೆ ಹೇಳಿಕೊಟ್ಟವನೇ ಅಣ್ಣ. ಗೊತ್ತಿದ್ದರೂ “ಅಣ್ಣಾ” ಎಂದು ಕರೆದುಬಿಟ್ಟೆ. ಬಾಗಿಲು ಮುಚ್ಚಿಕೊಂಡು ಲಿಫ್ಟ್ ಕೆಳಗೆ ಹೋಯಿತು.

ಆಗಲೇ ಮೇಲೆ ನಮ್ಮ ಮನೆಯ ಬಾಗಿಲು ತೆರೆದ ಸದ್ದು. ಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದ ಅಮ್ಮ ನನ್ನ ಕೂಗಿಗೆ ಹೊರಬಂದು, ಮೆಟ್ಟಿಲ ಕಟಾಂಜನ ಹಿಡಿದು ಬಗ್ಗಿ ನೋಡಿದಳು. ಅವಳ ಮುಖ ಹೊಳೆಯುತ್ತಿತ್ತು.

“ಕೇಳಿಸ್ತಾ? ಈಗ ತಾನೇ ಹತ್ತಿ ಬಂದ. ನಿನ್ನ ಪಕ್ಕದಲ್ಲೇ ಹಾದು ಬಂದನಲ್ಲೇ!”

ನಾನು “ಹೂಂ” ಅಂದೆ. ಅಮ್ಮ ಅಷ್ಟಕ್ಕೇ ಅತ್ತುಬಿಟ್ಟಳು, ಖುಷಿಗೆ. ಅವತ್ತು ನನಗೆ ತಲೆ ಬಾಚಿದಳು, ಚಿಕ್ಕವಳಿದ್ದಾಗ ಬಾಚುತ್ತಿದ್ದ ಹಾಗೆ.

ಈಗ ನಿಮ್ಮ ಹತ್ತಿರ ಒಂದು ಕೇಳಬೇಕು. ಮೇಡಂ ಹೇಳುವ ಪ್ರಕಾರ ಕೇಳಿಸುತ್ತದೆ ಅನ್ನುವವರನ್ನು ಮಾತ್ರ ಮಾತಾಡಿಸಿದರೆ ಅಧ್ಯಯನ ಕುಂಟುತ್ತದೆ. ಅಷ್ಟೇ ಹತ್ತಿರದವರನ್ನು ಕಳೆದುಕೊಂಡು, ಏನೂ ಕೇಳಿಸದೆ ಇರುವವರೂ ಬೇಕು. ಹೋಲಿಕೆಯ ಗುಂಪು ಅನ್ನುತ್ತಾರೆ ಅದಕ್ಕೆ. ಅವರೇನು ಬೀದಿಗಿಬ್ಬರು ಸಿಗುತ್ತಾರೆ ಅಂದೆ ನಾನು. ಮೇಡಂ ತಲೆಯಾಡಿಸಿದರು. “ಅವರು ಸಿಗೋದೇ ಕಷ್ಟ ಕಣೆ. ಸತ್ತವರು ಬರ್ತಾರೆ ಅನ್ನೋಕೆ ಜನಕ್ಕೆ ಅಷ್ಟು ನಾಚಿಕೆ ಇಲ್ಲ. ನನ್ನ ಹತ್ತಿರ ಬರಲಿಲ್ಲ ಅನ್ನೋಕೆ ನಾಚ್ಕೋತಾರೆ. ಪ್ರೀತಿ ಸಾಲದಾಯ್ತೇನೋ ಅಂತ ಒಳಗೊಳಗೇ ಕೊರಗ್ತಾರೆ.”

ನನಗೆ ನೀವು ಕಣ್ಣ ಮುಂದೆ ಬಂದಿರಿ.

ನೀವು ನಮ್ಮವರು, ನಿಮ್ಮನ್ನು ಆ ಗುಂಪಿಗೆ ಸೇರಿಸುವ ಹಾಗಿಲ್ಲ, ಹೆದರಬೇಡಿ. ನನಗೆ ಬೇಕಾದದ್ದು ಒಂದು ಪ್ರಶ್ನೆ. ಏನೂ ಕೇಳಿಸದವರ ಎದುರು ಕೂತು, ಅವರಿಗೆ ನೋವಾಗದ ಹಾಗೆ, ಅಮ್ಮ ನಿಮ್ಮನ್ನು ಕೇಳಿದ ಹಾಗಲ್ಲದೆ, ಹೇಗೆ ಕೇಳಬೇಕು? ಅವತ್ತು ಆ ಬಾಗಿಲಲ್ಲಿ ನಿಮ್ಮನ್ನು ಯಾರಾದರೂ ಹೇಗೆ ಕೇಳಿದ್ದರೆ ನೀವು ಸೂಟ್‌ಕೇಸ್ ಕೆಳಗಿಡುತ್ತಿದ್ದಿರಿ? ಅದನ್ನು ಬರೆದು ಕಳಿಸಿ. ಇಲ್ಲ, ಈ ವಿಷಯವೇ ಬೇಡ, ನಮ್ಮ ಮನೆಯ ದುಃಖವನ್ನು ಬೇರೆಯವರ ಮುಂದೆ ಹರಡಬೇಡ ಅನ್ನುವುದಾದರೂ ಬರೆಯಿರಿ. ಸೋಮವಾರ ಪುಟ ಕೊಟ್ಟಾಗಿದ್ದರೂ ನೀವು ಬೇಡ ಅಂದರೆ ಬಿಟ್ಟುಬಿಡುತ್ತೇನೆ. ಮೇಡಂಗೆ ಹೇಳುವ ಧೈರ್ಯ ನನಗಿದೆ, ನಿಮ್ಮನ್ನು ಎರಡನೇ ಸಲ ಕಳೆದುಕೊಳ್ಳುವ ಧೈರ್ಯ ಇಲ್ಲ.

ಅಮ್ಮನೂ ನಿಮ್ಮನ್ನು ನೆನೆಯುತ್ತಾಳೆ. ಬಾಯಿ ಬಿಟ್ಟು ಹೇಳುವ ಪೈಕಿಯಲ್ಲ. ನಿಮ್ಮ ಕೋಣೆಯ ಕಿಟಕಿಗೆ ಹೊಸ ಪರದೆ ಹೊಲಿದು ಹಾಕಿದ್ದಾಳೆ, ಯಾಕೆ ಎಂದು ಕೇಳಿದರೆ ಬಟ್ಟೆ ಮಿಕ್ಕಿತ್ತು ಅನ್ನುತ್ತಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ರಾತ್ರಿ ಪಾಳಿ ಕಡಿಮೆ ಮಾಡಿಸಿಕೊಳ್ಳಿ. ಅಪ್ಪ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಕಬ್ಬಿಣಾಂಶದ ಮಾತ್ರೆಯನ್ನೂ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ, ಬೇಕಾದರೆ ಒಂದು ಮೊಟಕಿಯೇ ಇಡಿ.

ನಿಮ್ಮ
ಪಟಾಕಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ, ಸೋಮವಾರದ ಪುಟದಲ್ಲೂ ಇದೇ ಹೋಗುತ್ತದೆ. ಅವತ್ತು ಮೆಟ್ಟಿಲ ಮೇಲೆ ನನಗೆ ಏನೂ ಕೇಳಿಸಲಿಲ್ಲ ಅತ್ತಿಗೆ. ಅವತ್ತು ಮಾತ್ರವಲ್ಲ, ಅಣ್ಣ ಹೋದ ಮೇಲೆ ಒಂದು ಸಲವೂ ಕೇಳಿಸಿಲ್ಲ. ಹೆಜ್ಜೆಯಿಲ್ಲ, ಕೆಮ್ಮಿಲ್ಲ, ಕನಸಿಗೂ ಬಂದಿಲ್ಲ. ಅಮ್ಮನ ಹತ್ತಿರ ಬರುತ್ತಾನೆ, ಅಪ್ಪನ ಹತ್ತಿರ ಬರುತ್ತಾನೆ, ನನ್ನ ಮೇಲೆ ಅದೇನು ಕೋಪವೋ. ಸಂಜೆ ಅಮ್ಮನ ಮಿಷನ್ ನಿಂತ ಕೂಡಲೇ ನಾನು ಪುಸ್ತಕದಿಂದ ತಲೆಯೆತ್ತಿ ಅವಳ ಮುಖ ನೋಡುತ್ತೇನೆ. ಅಣ್ಣ ಬಂದಿದ್ದಾನೆಂದು ನನಗೆ ಗೊತ್ತಾಗುವುದು ಹಾಗೆ.